ವಸಂತದಲ್ಲಿ ಮೈಸೂರು: ಎರಡು ದಿನದ ವಿಶ್ರಾಂತಿ

ಶಿಶಿರದಲ್ಲಿ ಸಂಚಿತವಾದ ಕಫವು ವಸಂತದ ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಮಂದಗೊಳಿಸುತ್ತದೆ. ಇಂತಹ ಕಾಲದಲ್ಲಿ, ನೋಡಿದ ಊರನ್ನೇ ಮತ್ತೊಮ್ಮೆ ಪೂರ್ತಿಯಾಗಿ ನೋಡಿಬಿಡುವ ಆತುರದಿಂದ ವಾರಾಂತ್ಯದಲ್ಲಿ ಮೈಸೂರಿಗೆ ಹೋದವರು ದಣಿವು, ಅಜೀರ್ಣಗಳನ್ನು ಹೊತ್ತು ಮರಳುವುದನ್ನು ನಾವು ಕಾಣುತ್ತೇವೆ. ಪರಿಚಿತ ಊರಿನಲ್ಲಿ ದಿನಕ್ಕೊಂದು ಸ್ಥಳ ಸಾಕು.

ಬೆಳಗಿನ ತಂಪಿನಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆದರೆ ಕಫ ಶಮನವಾಗುವುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಅಭ್ಯಾಸವುಳ್ಳವರು ಮಾತ್ರ ಹತ್ತಲಿ. ಮೊಣಕಾಲು ನೋವು, ಹೃದ್ರೋಗ ಉಳ್ಳವರಿಗೆ ಬಸ್ಸೇ ಹಿತ. ವಸಂತದ ನಡುಹಗಲನ್ನು ತಂಪಾದ ಉದ್ಯಾನದಲ್ಲಿ ಸವಿಮಾತುಗಳೊಡನೆ ಕಳೆಯಬೇಕೆಂಬುದು ವಾಗ್ಭಟಾಚಾರ್ಯರ ಮತ. ಕಾರಂಜಿ ಕೆರೆಯ ಮರಗಳ ನೆರಳು ಅದಕ್ಕೆ ತಕ್ಕ ತಾಣ. ಹಗಲುನಿದ್ರೆ ಮಾತ್ರ ವರ್ಜ್ಯ. ಅರಮನೆಯೊಳಗಿನ ನೂಕುನುಗ್ಗಲು ಬೇಡವೆನಿಸಿದರೆ ಭಾನುವಾರ ಸಂಜೆಯ ದೀಪಾಲಂಕಾರವನ್ನು ಹೊರಗೆ ನಿಂತೇ ಕಣ್ತುಂಬಿಕೊಳ್ಳಬಹುದು.

ಮೈಸೂರುಪಾಕವು ಸಿಹಿ, ಜಿಡ್ಡು, ಗುರುತ್ವ ಮೂರೂ ಉಳ್ಳದ್ದು; ಈ ಋತುವಿನಲ್ಲಿ ಒಂದು ತುಣುಕು ಸಾಕು, ಮಧುಮೇಹಿಗಳಿಗೆ ಅದೂ ಬೇಡ. ರಾತ್ರಿ ಬೇಗನೆ, ಲಘುವಾಗಿ ಉಣ್ಣಬೇಕು. ನಿತ್ಯದ ಔಷಧಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಮನೆಗೆ ಮರಳಿದ ಮರುದಿನ ದೇಹ ಹಗುರವಾಗಿದ್ದು ಹಸಿವೆ ಚೆನ್ನಾಗಿದ್ದರೆ ಪ್ರವಾಸ ಸಾರ್ಥಕ. ನೋಡದೆ ಉಳಿದದ್ದು ಮುಂದಿನ ಬಾರಿಗಿರಲಿ.