ಪಕ್ಕದ ಕುರ್ಚಿಯಲ್ಲಿ ಶಕುನಿ

ವಿಜಯಪುರ ಸೀಮೆಯಲ್ಲಿ ನಾಟಕಕ್ಕೆ ಒಬ್ಬರೇ ಹೋಗುವ ರೂಢಿ ಇಲ್ಲ. ಪ್ರವಚನಕ್ಕೆ ಒಬ್ಬರೇ ಹೋಗಿ ಕೂಡುತ್ತಾರೆ, ಒಬ್ಬರೇ ಸಂತೆ ಮಾಡಿಕೊಂಡು ಬರುತ್ತಾರೆ, ಬೇಸರವಾದರೆ ಸಿನಿಮಾಕ್ಕೂ ಒಬ್ಬರೇ ಹೋಗುತ್ತಾರೆ. ನಾಟಕದ ಸುದ್ದಿ ಬಂದಾಗ ಮಾತ್ರ ಯಾವ ನಾಟಕ, ಯಾರು ಬರೆದದ್ದು ಅನ್ನುವುದಕ್ಕೂ ಮೊದಲು ಬರುವ ಪ್ರಶ್ನೆ, "ಯಾರ್ಯಾರು ಹೊಂಟೀರಿ?" ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ನಾಟಕಕ್ಕೆ ಇಡೀ ಓಣಿ ಚಾಪೆ, ಕೌದಿ ಹಿಡಿದು ಹೊರಡುತ್ತಿದ್ದುದನ್ನು ಕಂಡವರು ಇವತ್ತಿಗೂ ಜಲನಗರದ ಮನೆಗಳಲ್ಲಿದ್ದಾರೆ. ನೌಕರಿ, ಮಕ್ಕಳ ಓದು ಅಂತ ಊರು ಬಿಟ್ಟು ಈ ಬಡಾವಣೆ ಸೇರಿದವರು. ನಾಟಕದ ಆಸೆ ಅವರಲ್ಲಿ ಬತ್ತಿಲ್ಲ. "ನಡಿ, ಹೋಗೂಣು" ಅಂತ ಬಾಗಿಲಲ್ಲಿ ನಿಂತು ಕರೆಯುವವರು ಕಡಿಮೆಯಾಗಿದ್ದಾರೆ.

ನನಗೆ ಕರೆಯುವವನೊಬ್ಬ ಇದ್ದಾನೆ. ಬಬಲೇಶ್ವರ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮುಗಿಸಿ, ನಮ್ಮ ಹಿಂದಿನ ಅಡ್ಡರಸ್ತೆಯಲ್ಲಿ ಮನೆ ಮಾಡಿರುವ ಗೆಳೆಯ. ಹರೆಯದಲ್ಲಿ ತನ್ನೂರ ಜಾತ್ರೆಯಲ್ಲಿ 'ರಕ್ತರಾತ್ರಿ'ಯ ಶಕುನಿ ಮಾಡಿದವನು. ನಗರದ ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ಹವ್ಯಾಸಿ ತಂಡವೊಂದು ಅದೇ ನಾಟಕ ಆಡುತ್ತದೆ ಅಂತ ಗೊತ್ತಾದ ಸಂಜೆ ಅವನು ಚಪ್ಪಲಿ ಸಹ ಬಿಡದೆ ಅಂಗಳದಿಂದಲೇ ಕೂಗಿದ: "ದೋಸ್ತ, ಅಂಗಿ ಹಾಕ್ಕೋ. ನಮ್ಮ ಹನುಮಂತರಾಯನ ನಾಟಕ, ಅವನ ಹೆಸರಿನ ಮಂದಿರದಾಗ. ತಪ್ಪಸಬಾರದು."

ಈ ಊರಿನ ಜನ ಕಂದಗಲ್ಲರನ್ನು ಹೀಗೆ ಏಕವಚನದಲ್ಲಿ ಕರೆದರೆ ಅದರಲ್ಲಿರುವುದು ಪ್ರೀತಿ. ಹನುಮಂತರಾಯರು 1896ರಲ್ಲಿ ಹುನಗುಂದ ತಾಲ್ಲೂಕಿನ ಕಂದಗಲ್ಲಿನಲ್ಲಿ ಹುಟ್ಟಿದರು, 1966ರಲ್ಲಿ ತೀರಿಕೊಂಡರು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೂ ಹುನಗುಂದ ನಮ್ಮ ಜಿಲ್ಲೆಯಲ್ಲೇ ಇತ್ತು. ಜನ ಅವರನ್ನು ಕನ್ನಡದ ಶೇಕ್ಸ್‌ಪಿಯರ್ ಅಂತ ಕರೆದರು. ಆ ಬಿರುದನ್ನು ನಾನು ತೂಗಿ ನೋಡಲು ಹೋಗುವುದಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ: ಅವರ ನಾಟಕಗಳು ಗ್ರಂಥಾಲಯದ ಕಪಾಟಿನಲ್ಲಿ ಉಳಿದದ್ದಕ್ಕಿಂತ ಹೆಚ್ಚಾಗಿ ಒಕ್ಕಲಿಗರ, ಬಡಿಗೇರರ, ಮಾಸ್ತರರ ಬಾಯಲ್ಲಿ ಉಳಿದಿವೆ. 'ಕುರುಕ್ಷೇತ್ರ' ಇದೆ, 'ಚಿತ್ರಾಂಗದಾ' ಇದೆ. ಆದರೆ 'ರಕ್ತರಾತ್ರಿ'ಯ ಮಾತೇ ಬೇರೆ. ಮಹಾಭಾರತದ ಯುದ್ಧ ಮುಗಿಯುತ್ತ ಬಂದ ಹೊತ್ತು, ಅಶ್ವತ್ಥಾಮನ ಸೇಡು, ಮಕ್ಕಳನ್ನು ಕಳೆದುಕೊಳ್ಳುವ ದ್ರೌಪದಿ. ಬಳ್ಳಾರಿ, ಕೊಪ್ಪಳದ ಕಡೆಗೂ ಅದು ಊರೂರಿಗೆ ಹೋಯಿತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ಹೆಸರು ಹೇಳಿದರೆ ಹಳೆಯ ಪ್ರೇಕ್ಷಕರಿಗೆ ಇಂದಿಗೂ ನೆನಪಾಗುವುದು ಆ ದ್ರೌಪದಿಯೇ.

ನಾವು ಹೋಗಿ ಕೂತದ್ದು ನಡುವಿನ ಸಾಲಿನಲ್ಲಿ. ಬಲಗಡೆ ಗೆಳೆಯ. ನಾಂದಿ ಮುಗಿದು ಮೊದಲ ದೃಶ್ಯ ತೆರೆದುಕೊಂಡದ್ದೇ ತಡ, ನನ್ನ ಬಲಗಿವಿಗೆ ಇನ್ನೊಂದು ನಾಟಕ ಶುರುವಾಯಿತು. ರಂಗದ ಮೇಲಿನ ಶಕುನಿ ಮಾತು ಎತ್ತುವುದಕ್ಕೆ ಅರೆಗಳಿಗೆ ಮುಂಚೆ ಇವನ ತುಟಿ ಅಲುಗುತ್ತಿತ್ತು. ದನಿ ಹೊರಗೆ ಬರುತ್ತಿರಲಿಲ್ಲ, ಉಸಿರು ಮಾತ್ರ. ಉದ್ದನೆಯ ಮಾತು ಬಂದಾಗ ಬಲಗೈ ಬೆರಳು ಮಡಚಿ, ತೊಡೆಯ ಮೇಲೆ ಇಲ್ಲದ ದಾಳ ಉರುಳಿಸುತ್ತಿದ್ದ. ಶಕುನಿ ಮಾಡುತ್ತಿದ್ದ ಹುಡುಗ ಒಂದು ಕಡೆ ಸಾಲೊಂದನ್ನು ನುಂಗಿ ಮುಂದೆ ಹೋದ. ಸಭಾಗೃಹದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೆಳೆಯನ ಕೈ ಅಲ್ಲೇ ನಿಂತಿತು. ಬಿಟ್ಟ ಸಾಲನ್ನು ಅವನು ಪೂರ್ತಿ ಮುಗಿಸಿಕೊಂಡು, ಆಮೇಲೆ ರಂಗದವರ ಜೊತೆ ಕೂಡಿಕೊಂಡ.

ಇಷ್ಟು ಹತ್ತಿರದಿಂದ ನೋಡಿದ ಮೇಲೆ ನನಗೆ ಒಂದು ಮಾತು ಖಾತ್ರಿಯಾಗಿದೆ. ರಂಗದ ಮೇಲಿರುವುದು ಅರ್ಧ ನಾಟಕ. ಉಳಿದರ್ಧ ಪಕ್ಕದವರ ಮೈಯಲ್ಲಿ ಇರುತ್ತದೆ. ಮೊಬೈಲಿನಲ್ಲಿ ಅದೇ 'ರಕ್ತರಾತ್ರಿ'ಯ ತುಣುಕುಗಳು ಸಿಗುತ್ತವೆ, ನಾನೂ ನೋಡಿದ್ದೇನೆ. ಅಲ್ಲಿ ಶಕುನಿ ಇದ್ದಾನೆ. ಅವನ ಮಾತಿಗೆ ಮುಂಚೆ ಉಸಿರು ಎಳೆಯುವವರು ಇಲ್ಲ.

ವಿರಾಮದಲ್ಲಿ ಗಿರ್ಮಿಟ್, ಮಿರ್ಚಿ, ಚಹಾ. ಗೆಳೆಯ ತಿನ್ನುವುದನ್ನೂ ಬಿಟ್ಟು ಶಕುನಿಯ ಬೆನ್ನು ಹತ್ತಿದ್ದ.

"ಹುಡುಗನ ದನಿ ಛಲೋ ಐತಿ, ನಿಲುವೂ ಐತಿ. ಆದ್ರ ಭಾಳ ನಗತಾನೋ. ಶಕುನಿ ನಗಬಾರದು."

"ಕಪಟಿ ಅಲ್ಲೇನೋ ಅವ? ನಗಲಿ ಬಿಡು."

"ನಕ್ಕರ ಎದುರಿಗಿದ್ದಾವಗ ಗೊತ್ತಾಗಿಬಿಡ್ತೈತಿ. ತನ್ನವರು ಸೆರ‍್ಯಾಗ ಸತ್ತದ್ದು ಎದ್ಯಾಗ ಇಟ್ಟುಕೊಂಡು ಕೌರವರ ಮನ್ಯಾಗ ಉಂಡಾವ. ಅವ ಕೌರವರ ಮುಂದ ಖರೇನ ಅಳಬೇಕು. ಆ ಅಳು ಯಾರ ಸಲುವಾಗಿ ಅನ್ನೂದು ಅವಗ ಮತ್ತ ನೋಡೋ ಮಂದಿಗೆ, ಇಬ್ಬರಿಗೇ ಗೊತ್ತಿರಬೇಕು. ನಮ್ಮ ಮಾಸ್ತರು ಹಂಗ ಕಲಿಸಿದ್ರು."

ವಿಮರ್ಶೆಯ ಎಷ್ಟೋ ಪುಟ ಓದಿದ್ದೇನೆ. ಪಾತ್ರವೊಂದರ ಒಳಗನ್ನು ಇಷ್ಟು ನೇರವಾಗಿ ಬಿಚ್ಚಿಟ್ಟ ಮಾತು ಕಡಿಮೆ. ಆ ಮಾಸ್ತರು ಯಾವ ರಂಗಶಾಲೆಗೂ ಹೋದವರಲ್ಲವಂತೆ; ಊರೂರಿಗೆ ಪೇಟಿ ಹೊತ್ತುಕೊಂಡು ಹೋಗಿ, ಎರಡು-ಮೂರು ತಿಂಗಳು ಅಲ್ಲೇ ಉಳಿದು, ಹೊಲದಿಂದ ಬಂದ ಹುಡುಗರಿಗೆ ರಾತ್ರಿ ತಾಲೀಮು ಕೊಡುತ್ತಿದ್ದವರು. ಉತ್ತರ ಕರ್ನಾಟಕದ ಹಳ್ಳಿ ರಂಗಭೂಮಿ ನಿಂತಿರುವುದು ಇಂಥ ಮಾಸ್ತರರ ಮೇಲೆ. ಸ್ತ್ರೀ ಪಾತ್ರಕ್ಕೆ ಬೇರೆ ಊರಿನಿಂದ ಕಲಾವಿದೆಯರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ಪಾತ್ರ ದೊಡ್ಡದಾದರೆ ವಂತಿಗೆಯೂ ದೊಡ್ಡದು. ಶಕುನಿ ಆಗಬೇಕೆಂದು ಗೆಳೆಯ ಆ ವರ್ಷ ಒಂದು ಹೋರಿ ಮಾರಿದ್ದನಂತೆ.

ಹಳ್ಳಿಯ ನಾಟಕದಲ್ಲಿ ಆಯೇರಿ ಅಂತ ಒಂದಿದೆ. ನಾಟಕ ನಡೆದಿರುವಾಗಲೇ ನೆಂಟರು, ದೋಸ್ತರು ರಂಗ ಹತ್ತಿ ಪಾತ್ರಧಾರಿಗೆ ಟವೆಲ್ಲು, ಅಂಗಿ ಬಟ್ಟೆ, ನೋಟು ಕೊಡುವುದು. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಸಾರುವುದು. ದ್ರೌಪದಿ ಗೋಳಾಡುತ್ತಿರುವಾಗ ಯಾರೋ ಬಂದು ಭೀಮನಿಗೆ ರುಮಾಲು ಸುತ್ತಿದರೆ ರಸಭಂಗ ಅಂತ ನಗರದ ಪ್ರೇಕ್ಷಕರು ಮುಖ ಸಿಂಡರಿಸುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಹೊಲದಲ್ಲಿ ಕೂಡಿ ದುಡಿಯುವ ಮನುಷ್ಯ ಇವತ್ತು ರಾತ್ರಿ ಭೀಮನಾಗಿದ್ದಾನೆ, ಅವನ ಗೆಳೆಯನಿಗೆ ಅದನ್ನು ಊರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಗೆಳೆತನ ಕೂಡ ರಂಗ ಹತ್ತುವ ಇಂಥ ಪದ್ಧತಿ ಇದ್ದುದರಿಂದಲೇ ಮುಂದಿನ ವರ್ಷ ಇನ್ನೊಬ್ಬ ತಾಲೀಮಿಗೆ ಬರುತ್ತಿದ್ದ.

ನಮ್ಮ ಆ ಸಂಜೆಯ ನಾಟಕದಲ್ಲಿ ನನ್ನನ್ನು ಬಹಳ ಕಾಡಿದ ಹೊತ್ತು ರಂಗದ ಮೇಲಿನದಲ್ಲ. ರಾತ್ರಿ ಒಂಬತ್ತು ದಾಟಿತ್ತು. ಅಶ್ವತ್ಥಾಮ ಇನ್ನೇನು ಶಿಬಿರದ ಕಡೆ ಹೊರಡಬೇಕು, ನಮ್ಮ ಮುಂದಿನ ಸಾಲಿನಲ್ಲಿ ಧೋತರ ಉಟ್ಟ ಹಿರಿಯರು ಒಬ್ಬೊಬ್ಬರೇ ಏಳತೊಡಗಿದರು. ಬೇಸರದಿಂದ ಎದ್ದವರಲ್ಲ, ಬಾಗಿಲವರೆಗೆ ಹೋಗಿ, ತಿರುಗಿ ನಿಂತು, ನೋಡಿ, ಮತ್ತೆ ಹೆಜ್ಜೆ ಇಡುತ್ತಿದ್ದರು. ತಿಕೋಟಾ ಕಡೆಯವರು. ಬಸ್ಸಿನ ಹೊತ್ತಾಗಿತ್ತು. ರಕ್ತರಾತ್ರಿಯ ರಾತ್ರಿಯನ್ನೇ ಅವರು ನೋಡಲಿಲ್ಲ.

ಹಳ್ಳಿಯ ನಾಟಕ ಯಾಕೆ ಬೆಳತನಕ ನಡೆಯುತ್ತಿತ್ತು ಅನ್ನುವುದಕ್ಕೆ ಹಾಡು, ಒನ್ಸ್ ಮೋರ್, ಆಯೇರಿ ಅಂತ ಕಾರಣ ಹೇಳುತ್ತಾರೆ. ಅವೆಲ್ಲ ನಿಜವೇ. ಇನ್ನೊಂದು ಕಾರಣ ದಾರಿಯದ್ದು. ಸುತ್ತಲ ಹಳ್ಳಿಗಳಿಂದ ಚಕ್ಕಡಿಯಲ್ಲಿ, ಕಾಲ್ನಡಿಗೆಯಲ್ಲಿ ಬಂದ ಜನ ನಡುರಾತ್ರಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹಿಂದೆ ಹೋಗುವಂತಿರಲಿಲ್ಲ. ಕೋಳಿ ಕೂಗುವವರೆಗೆ ಅವರನ್ನು ಎಚ್ಚರವಾಗಿ ಇಡುವುದು ನಾಟಕದ ಜವಾಬ್ದಾರಿ. ಹತ್ತರ ಮೇಲೆ ಶುರುವಾದ ಆಟ ಸೂರ್ಯ ಹುಟ್ಟುವ ಮುಂಚೆ ಮಂಗಳಾರತಿ ಹಾಡಿದರೆ ಎಲ್ಲರಿಗೂ ಅನುಕೂಲ. ನಗರದ ಸಭಾಗೃಹಕ್ಕೆ ಬಂದಾಗ ನಾಟಕವನ್ನು ಕತ್ತರಿಸಿ ಮೂರು ತಾಸಿಗೆ ಇಳಿಸುತ್ತೇವೆ. ಕತ್ತರಿಸಿದ್ದು ತಪ್ಪಲ್ಲ. ಆದರೆ ಸಂಜೆ ಆರೂವರೆಯ ಆಟ ಹೊತ್ತಿಗೆ ಸರಿಯಾಗಿ ಶುರುವಾಗಬೇಕು. ಗಣ್ಯರ ಸನ್ಮಾನ, ಹಾರ, ಶಾಲು, ಭಾಷಣಗಳಿಗೆ ಮುಕ್ಕಾಲು ತಾಸು ಕೊಟ್ಟರೆ, ಅದನ್ನು ತಮ್ಮ ಜೇಬಿನಿಂದ ತುಂಬುವವರು ಹಳ್ಳಿಯಿಂದ ಬಂದ ಈ ಹಿರಿಯರು. ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕು ಕೇಂದ್ರಗಳು. ನಾಟಕ ಇದ್ದ ದಿನ ರಾತ್ರಿ ಹತ್ತೂವರೆಗೆ ಆ ಎರಡು ದಾರಿಗೆ ಒಂದೊಂದು ಬಸ್ಸು ಹೊರಟರೂ ಪ್ರೇಕ್ಷಕರು ಇಮ್ಮಡಿಯಾಗುತ್ತಾರೆ ಎಂಬುದು ನನ್ನ ನಂಬಿಕೆ.

ಆಟ ಬಿಟ್ಟ ಮೇಲೆ ನಾವಿಬ್ಬರೂ ಜಲನಗರದ ಕಡೆ ನಡೆದೇ ಬಂದೆವು. ಅಂಥ ರಾತ್ರಿ ನಮ್ಮ ನಡುವೆ ಏಳುವ ಜಗಳ ಒಂದೇ: ಕಂದಗಲ್ಲರೋ, ಶ್ರೀರಂಗರೋ. ಶ್ರೀರಂಗ ಅನ್ನುವ ಹೆಸರಿನಲ್ಲಿ ಬರೆದ ಆದ್ಯ ರಂಗಾಚಾರ್ಯರು ಹುಟ್ಟಿದ್ದು 1904ರಲ್ಲಿ, ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಲಂಡನ್ನಿನಲ್ಲಿ ಓದಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು. ಒಂದೇ ಹಳೆಯ ಜಿಲ್ಲೆ, ಎಂಟು ವರ್ಷದ ಅಂತರ, ಇಬ್ಬರು ನಾಟಕಕಾರರು. ಒಬ್ಬರು ಮಹಾಭಾರತವನ್ನು ಬೆಳಕು, ಹಾಡು, ಗರ್ಜನೆಯ ಮಾತಿನಲ್ಲಿ ಕಂಪನಿಯ ರಂಗಕ್ಕೆ ತಂದರು. ಇನ್ನೊಬ್ಬರು ಅದೇ ಮಹಾಭಾರತದಿಂದ ಜನಮೇಜಯನ ಹೆಸರೊಂದನ್ನು ಎತ್ತಿಕೊಂಡು, 'ಕೇಳು ಜನಮೇಜಯ'ದಲ್ಲಿ ಸ್ವಾತಂತ್ರ್ಯಾನಂತರದ ನಮ್ಮನ್ನೇ ಕಟಕಟೆಗೆ ನಿಲ್ಲಿಸಿದರು.

ನಾನು ಶ್ರೀರಂಗರ ಕಡೆಯವನು. "ನಿನ್ನ ಶ್ರೀರಂಗ ವಿಚಾರ ಮಾಡಸ್ತಾನ, ಒಪ್ಪತೀನಿ" ಅಂತಾನೆ ಗೆಳೆಯ, "ಆದ್ರ ನಮ್ಮವ್ವ ಅವನ ನಾಟಕ ನೋಡಿ ಅತ್ತದ್ದು ನಾ ನೋಡಿಲ್ಲ." ಅವರವ್ವ ಅಕ್ಷರ ಕಲಿತವರಲ್ಲ. ಮಗನ ಶಕುನಿಯನ್ನು ನೋಡಿ ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದರಂತೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೂ ನಾನು ಪಕ್ಷ ಬದಲಿಸಿಲ್ಲ. ಅಗರಖೇಡದ ಆ ಮನುಷ್ಯನ ಒಂದು ನಾಟಕವಾದರೂ ವರ್ಷಕ್ಕೊಮ್ಮೆ ಈ ನಗರದಲ್ಲಿ ಆಡುವಂತಾಗಬೇಕು.

ಈ ನೆಲಕ್ಕೆ ನಾಟಕ ಹೊಸದಾಗಿ ಹೊರಗಿನಿಂದ ಬಂದದ್ದಲ್ಲ. ಜಲನಗರದಿಂದ ತಿಕೋಟಾಕ್ಕೆ ಹೊರಟರೆ ದಾರಿಯಲ್ಲೇ ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದ ಊರು. ಅಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ನವರಸಪುರ ಕಟ್ಟಿಸಿದ. ಒಂಬತ್ತು ರಸಗಳ ಮೇಲೆ 'ಕಿತಾಬ್-ಎ-ನೌರಸ್' ಎಂಬ ಹಾಡಿನ ಪುಸ್ತಕ ಬರೆದ ಸುಲ್ತಾನ ಅವನು. ಸಂಗೀತ ಮಹಲಿನ ಕಮಾನು ಇನ್ನೂ ನಿಂತಿದೆ. ಅಲ್ಲಿಂದ ಮೂರು ಶತಮಾನ ಈಚೆ ಬಂದರೆ ಬೀಳಗಿಯ ಅಕ್ಕತಂಗಿಯರು, ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ. ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಿಂತರು. ಅಮೀರ್‌ಬಾಯಿ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. 1965ರಲ್ಲಿ ತೀರಿಕೊಂಡಾಗ ಮಣ್ಣಾದದ್ದು ವಿಜಾಪುರದಲ್ಲೇ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ 'ಶಾಕುಂತಲ' ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ನಾಟಕಗಳ ಭರಾಟೆ ಕಂಡು ಛಲ ಹಿಡಿದು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದವರು ಶಾಂತಕವಿಗಳು. ಗಡಿ ನಮ್ಮ ಕಡೆ ರಂಗಭೂಮಿಯನ್ನು ಬೆಳೆಸಿತೇ ಹೊರತು ತಡೆಯಲಿಲ್ಲ.

ಕಂಪನಿಗಳ ಕಾಲ ಮುಗಿಯಿತು ಅನ್ನುವವರಿಗೆ ಗೆಳೆಯ ಬನಶಂಕರಿಯ ದಾರಿ ತೋರಿಸುತ್ತಾನೆ. ಬಾದಾಮಿ ಹತ್ತಿರದ ಆ ಜಾತ್ರೆಗೆ ಬನದ ಹುಣ್ಣಿಮೆಯಿಂದ ಹಲವು ವಾರ ನಾಟಕ ಕಂಪನಿಗಳು ಸಾಲಾಗಿ ಥಿಯೇಟರ್ ಹಾಕಿಕೊಂಡು ಕೂಡುತ್ತವೆ, ರಾತ್ರಿಗೆ ಒಂದಕ್ಕಿಂತ ಹೆಚ್ಚು ಆಟ. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಬರೆದ 'ಸಂಪತ್ತಿಗೆ ಸವಾಲ್' ಇಂಥ ಕಂಪನಿ ರಂಗದಲ್ಲಿ ಗೆದ್ದು, 1974ರಲ್ಲಿ ರಾಜ್‌ಕುಮಾರರ ಚಿತ್ರವಾಯಿತು. ಈಗಿನ ಕಂಪನಿ ನಾಟಕಗಳಲ್ಲಿ ಎರಡರ್ಥದ ಮಾತು ಹೆಚ್ಚಾಗಿದೆ ಅನ್ನುವ ದೂರು ನನ್ನದೂ ಹೌದು. ಆದರೆ ಪ್ರತಿ ರಾತ್ರಿ ಟಿಕೇಟು ಮಾರಿ ಅದರಲ್ಲೇ ಮನೆ ನಡೆಸುವ ಕಲಾವಿದರ ಮುಂದೆ ಕೂತು ಒಂದು ಆಟ ಪೂರ್ತಿ ನೋಡಿದವರಿಗೆ ಮಾತ್ರ ಆ ದೂರು ಹೇಳುವ ಹಕ್ಕಿದೆ.

ಈ ಸಲದ ಬನಶಂಕರಿಗೆ ನಮ್ಮ ಓಣಿಯಿಂದ ಒಂದು ಜೀಪು ತುಂಬ ಜನ ಹೊರಡುವುದೆಂದು ಮಾತಾಗಿದೆ. ಅದರಲ್ಲಿ ಡಿಗ್ರಿ ಓದುವ ಎದುರುಮನೆ ಹುಡುಗಿಯೂ ಇದ್ದಾಳೆ. ಇವತ್ತಿನವರೆಗೆ ಒಂದು ನಾಟಕವನ್ನೂ ಎದುರಿಗೆ ಕೂತು ನೋಡಿಲ್ಲ. "ಕಾಕಾ, ಎಷ್ಟೊತ್ತಿಗೆ ವಾಪಸ್ ಬರ್ತೀವಿ?" ಅಂತ ಅವಳು ಕೇಳಿದ್ದಕ್ಕೆ ಗೆಳೆಯ ಬೆರಳು ಮಡಚಿ ಲೆಕ್ಕ ಒಪ್ಪಿಸಿದ: ಕೌದಿ ತರಬೇಕು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೋಬೇಕು, ಎರಡನೇ ಆಟ ಬಿಡೂತನಕ ಯಾರೂ ಏಳಬಾರದು. "ಬೆಳಕ ಹರದ ಮ್ಯಾಲೆ ಚಹಾ ಕುಡದು ಹೊರಡೂಣು, ತಂಗಿ. ದಾರಿತುಂಬ ಜಗಳಾಡಾಕ ನಿನಗೂ ಒಂದು ಪಕ್ಷ ಬೇಕಲ್ಲ."