ಅಕ್ಕಾ, ನೋಟ್ಸ್ ಇದೆಯಾ?

ಮಾನಸಗಂಗೋತ್ರಿಯಲ್ಲಿ ಎಂಎ ಅರ್ಥಶಾಸ್ತ್ರಕ್ಕೆ ಸೇರಿದ ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಇಡೀ ಕ್ಲಾಸು ಎದ್ದು ನಿಂತಿತ್ತು. ಹೊಸ ಗೆಸ್ಟ್ ಲೆಕ್ಚರರ್ ಅಂದುಕೊಂಡಿದ್ದರು! ನಾನು ಸೀದಾ ಮೂರನೇ ಬೆಂಚಿಗೆ ಹೋಗಿ ಕೂತಾಗ ಅವರ ಮುಖ ನೋಡಬೇಕಿತ್ತು. ಒಂದು ತಿಂಗಳು 'ಮೇಡಂ', ಆಮೇಲೆ ಸ್ವಲ್ಪ ದಿನ 'ಆಂಟಿ', ಇಂಟರ್ನಲ್ಸ್ ಹತ್ತಿರ ಬಂದಾಗ 'ಅಕ್ಕಾ, ನೋಟ್ಸ್ ಇದೆಯಾ?' ಅಲ್ಲಿಗೆ ನಾನೂ ವಿದ್ಯಾರ್ಥಿನಿಯಾದೆ.

ಅದು 2022. ನನಗಾಗ 37. ಬಿಎ ಮುಗಿಸಿ ಹದಿನಾರು ವರ್ಷ ಕಳೆದಿತ್ತು. ಊರು ನಂಜನಗೂಡು. ಬೆಳಗ್ಗೆ ಐದಕ್ಕೆ ಎದ್ದು, ತಿಂಡಿ ಮಾಡಿ, ಡಬ್ಬಿ ತುಂಬಿ, ಮಗಳಿಗೆ ಜಡೆ ಹಾಕಿ, ಓಡಿ ಬಸ್ ಹಿಡಿಯಬೇಕು. ಕಪಿಲಾ ಸೇತುವೆ ದಾಟುವವರೆಗೆ ಗ್ಯಾಸ್ ಆಫ್ ಮಾಡಿದೆನಾ ಎಂಬ ಯೋಚನೆ. ದಾಟಿದ ಮೇಲೆ ಮ್ಯಾಕ್ರೋ ಎಕನಾಮಿಕ್ಸ್.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ನನಗೆ ಟಿಕೆಟ್ ಕಾಸು ಉಳಿಯಿತು, ಸೀಟು ಹೋಯಿತು. ಕ್ಲಾಸಿನಲ್ಲಿ ದೊಡ್ಡ ಚರ್ಚೆ. 'ಎಲ್ಲಾ ಬಿಟ್ಟಿ ಕೊಟ್ರೆ ರಾಜ್ಯ ಉದ್ಧಾರ ಆಗುತ್ತಾ ಅಕ್ಕಾ?' ಎಂದ ಒಬ್ಬ. ಖಜಾನೆಯ ಲೆಕ್ಕ ಕೇಳುವುದು ತಪ್ಪೇನಲ್ಲ. ಆದರೆ ಬಸ್ಸು ಫ್ರೀ ಆದರೂ ಅದನ್ನು ಹತ್ತಲು ಹೆಂಗಸಿಗೆ ಪುರುಸೊತ್ತು ಬೇಕಲ್ಲ? ಅದನ್ನು ಯಾರು ಕೊಡುತ್ತಾರೆ? ಆ ಪ್ರಶ್ನೆಗೆ ಮೂರನೇ ಸೆಮಿಸ್ಟರಿನ ಸೆಮಿನಾರಿನಲ್ಲಿ ಉತ್ತರ ಹುಡುಕಬೇಕಾಗಿ ಬಂತು.

ನನ್ನ ಪಾಲಿಗೆ ಬಂದ ವಿಷಯ, ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ. ಹಿಂದಿನ ದಿನ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಏನೇನು ಮಾಡಿದಿರಿ ಎಂದು ಮನೆಮನೆಗೆ ಹೋಗಿ, ಅರ್ಧ ಅರ್ಧ ಗಂಟೆಯ ಲೆಕ್ಕದಲ್ಲಿ ಕೇಳಿದ್ದಾರೆ. ಅದರ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಗಂಡಸರು 97. ಅದೂ ಕೈಹಾಕುವ ಗಂಡಸರ ಲೆಕ್ಕ. ಹಾಗೆ ಕೈಹಾಕುವವರು ನೂರಕ್ಕೆ ಇಪ್ಪತ್ತಾರು ಮಂದಿ! ಈ ನಿಮಿಷಗಳು ಜಿಡಿಪಿಯಲ್ಲಿ ಬರುವುದಿಲ್ಲ. ನಂದಿನಿ ಬೂತಿನಲ್ಲಿ ಮಾರಾಟವಾಗುವ ಹಾಲಿಗೆ ಲೆಕ್ಕವಿದೆ, ಅದನ್ನು ಉಕ್ಕದಂತೆ ಕಾಯುತ್ತಾ ನಿಂತವಳಿಗಿಲ್ಲ. ಮನೆಗೆಲಸದವಳನ್ನು ಯಜಮಾನ ಮದುವೆಯಾದರೆ ದೇಶದ ಆದಾಯ ಕಡಿಮೆಯಾಗುತ್ತದೆ ಎಂಬ ಈ ವಿಚಿತ್ರವನ್ನು ಪಿಗೂ ಎಂಬ ಅರ್ಥಶಾಸ್ತ್ರಜ್ಞ ನೂರು ವರ್ಷದ ಹಿಂದೆಯೇ ತೋರಿಸಿದ್ದ.

ಸರಿ, ನಮ್ಮ ಮನೆಯದೂ ಬರೆಯೋಣ ಎಂದು ಒಂದು ನೋಟ್‌ಬುಕ್ ಇಟ್ಟೆ. ನನ್ನದು 340 ನಿಮಿಷ. ನಮ್ಮ ಮನೆಯವರದು 25. 'ಬೈಕ್ ಒರೆಸಿದ್ದು ಬರ್ದಿಲ್ವಲ್ಲ' ಎಂದರು! ಅಷ್ಟರಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಾ, 'ನಂದೂ ಬರ್ಕೊಳೇ' ಎಂದರು. ಅವರಿಗೆ 68 ವರ್ಷ, ಮಂಡಿನೋವು ಬೇರೆ. ಅಕ್ಕಿ ಆರಿಸಿದ್ದು, ಮಧ್ಯಾಹ್ನದ ಅಡುಗೆ, ಪಾತ್ರೆ, ಒಣಗಿದ ಬಟ್ಟೆ ಮಡಚಿದ್ದು ಎಲ್ಲ ಸೇರಿ 280 ಬಂತು. ನಾನು ಎಂಎಗೆ ಸೇರುವ ಮೊದಲು ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಆಗಿತ್ತು. ಅಂದರೆ ನಾನು ಲೈಬ್ರರಿಯಲ್ಲಿ ಕೂತ ಪ್ರತಿ ಗಂಟೆಯನ್ನೂ ಆ ಮಂಡಿಗಳು ಕೊಟ್ಟಿದ್ದವು. ಕೆಲಸ ಒಬ್ಬ ಹೆಂಗಸಿನಿಂದ ಇನ್ನೊಬ್ಬಳಿಗೆ ಹೋಗಿತ್ತು, ಅಷ್ಟೇ. ಸೆಮಿನಾರಿನಲ್ಲಿ ಇದನ್ನೂ ಹೇಳಿದೆ. ಶಕ್ತಿ ಯೋಜನೆಗೆ ಮೂಗು ಮುರಿದಿದ್ದ ಹುಡುಗನೇ ಆಮೇಲೆ ಬಂದು, 'ಹಾಸ್ಟೆಲ್‌ನಿಂದ ಊರಿಗೆ ಹೋದ್ರೆ ಬಟ್ಟೆ ಅಮ್ಮನ ಕೈಗೇ ಕೊಡೋದು ಅಕ್ಕಾ' ಎಂದು ಹೇಳಿ ಹೋದ.

ಅದೇ ಅಕ್ಟೋಬರಿನಲ್ಲಿ ಕ್ಲಾಡಿಯಾ ಗೋಲ್ಡಿನ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಹೆಣ್ಣುಮಕ್ಕಳ ದುಡಿಮೆ ಮತ್ತು ಗಳಿಕೆಯ ಚರಿತ್ರೆಯನ್ನೇ ಅಗೆದಾಕೆ. ವಯಸ್ಸು 77 ಎಂದು ತಿಳಿದದ್ದೇ ತಡ, ಹುಡುಗರು 'ಅಕ್ಕಾ, ನಿಮಗಿನ್ನೂ 39 ವರ್ಷ ಟೈಮ್ ಇದೆ' ಎಂದು ಕೂಗಿದರು.

ಪಿಎಚ್‌ಡಿ ಆಸೆ ಹುಟ್ಟಿದ್ದು ಹೀಗೆ. ಫೆಲೋಶಿಪ್ಪಿಗೆ ವಯಸ್ಸಿನ ಮಿತಿ 30, ಹೆಂಗಸರಿಗೆ ಐದು ವರ್ಷ ವಿನಾಯಿತಿ. ಆ ಬಸ್ಸು ನನಗೆ ಎಂದೋ ಹೋಗಿದೆ. ಆದರೆ ಪಿಎಚ್‌ಡಿ ಪ್ರವೇಶಕ್ಕೆ ನೆಟ್ ಅಂಕ ಸಾಕು ಎಂದು 2024ರ ಮಾರ್ಚಿನಲ್ಲಿ ಯುಜಿಸಿ ಹೇಳಿತು, ಅದಕ್ಕೆ ವಯಸ್ಸಿನ ತಂಟೆಯಿಲ್ಲ. ಪರೀಕ್ಷೆಗೆ ಮುಂಚಿನ ಹತ್ತು ದಿನ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಜೂನ್ 18ರಂದು ಬರೆದು ಬಂದೆ. ಚೆನ್ನಾಗಿಯೇ ಆಗಿತ್ತು. 19ರ ರಾತ್ರಿ ಪರೀಕ್ಷೆ ರದ್ದು! ಅಕ್ರಮದ ಶಂಕೆಯಂತೆ. ದೇಶದಲ್ಲಿ ಬರೆದವರು ಒಂಬತ್ತು ಲಕ್ಷಕ್ಕೂ ಹೆಚ್ಚು. ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊದಲ ಸಲ ಯಾರೂ ಜೋಕ್ ಹಾಕಲಿಲ್ಲ. 'ಯಾರೋ ಕದ್ದಿರಬೋದು ಅಂತ ಎಲ್ರೂ ಮತ್ತೆ ಬರೀಬೇಕಾ?' ಎಂದು ಅತ್ತೆ ಕೇಳಿದರು. ಖರ್ಚಾಗಿದ್ದು ಅವರ ಹತ್ತು ದಿನ. ಅದಕ್ಕೆ ಮರುಪರೀಕ್ಷೆಯ ದಿನಾಂಕವಿಲ್ಲ.

ಆ ವರ್ಷವೇ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ ಮತ್ತೆ ಪರೀಕ್ಷೆ ಇತ್ತು, ಆ ಸಲ ಕಂಪ್ಯೂಟರಿನಲ್ಲಿ. ಅಂದರೆ ಅತ್ತ 16ಕ್ಕೆ ವರಮಹಾಲಕ್ಷ್ಮಿ, ಇತ್ತ 6ಕ್ಕೆ ಗೌರಿ ಹಬ್ಬ, ನಡುವೆ ನನ್ನ ಅರ್ಥಶಾಸ್ತ್ರ. ಆಷಾಢ ಇರುವಷ್ಟು ದಿನ ಹೇಗೋ ಓದುತ್ತೇನೆ ಅಂದುಕೊಂಡೆ. ಆಮೇಲಿನದಕ್ಕೆ ನಾನು ಮತ್ತು ಅತ್ತೆ ನೋಟ್‌ಬುಕ್ ಹಿಡಿದು ನಮ್ಮ ಮನೆಯವರ ಮುಂದೆ ಕೂತೆವು. ಬೆಳಗಿನ ತಿಂಡಿ ಅವರ ಪಾಲಿಗೆ ಬಂತು. ಬರುವುದು ಉಪ್ಪಿಟ್ಟು ಮಾತ್ರ. ಮಕ್ಕಳು ಆಗಲೇ ಗೊಣಗತೊಡಗಿದರು. ಒಂದು ಭಾನುವಾರ ಟ್ರಯಲ್ ಆಯಿತು: 55 ನಿಮಿಷ, ತಳ ಹಿಡಿದ ಒಂದು ಬಾಣಲೆ. ಅತ್ತೆ ಪಕ್ಕದಲ್ಲೇ ನಿಂತು, ಬಾಣಲೆ ಉಜ್ಜಿದ ಹತ್ತು ನಿಮಿಷವನ್ನೂ ಅವರ ಲೆಕ್ಕಕ್ಕೇ ಬರೆಸಿದರು.