ಗಣಕಯಂತ್ರದ ಒಂದು ಭಯಾನಕಕ್ರೀಡೆಯೂ ಲಿನಕ್ಸಿನ ಅನುಮತಿಕ್ರಮವೂ

ಭರತಮುನಿಯು ಭಯಾನಕವನ್ನು ರಸಗಳಲ್ಲಿ ಒಂದಾಗಿ ಎಣಿಸಿರುವುದು ಪ್ರಸಿದ್ಧವಾಗಿದೆ. ಆದರೆ ಭಯವೆಂಬ ದುಃಖರೂಪವಾದ ಭಾವವು ಆಸ್ವಾದ್ಯವಾಗುವುದು ಹೇಗೆ? ಅಭಿನವಗುಪ್ತನು ಇದಕ್ಕೆ ಕಾಳಿದಾಸನ ಶಾಕುಂತಲದಲ್ಲಿ ರಥಕ್ಕೆ ಹೆದರಿ ಓಡುವ ಜಿಂಕೆಯನ್ನೇ ನಿದರ್ಶನವಾಗಿ ಕೊಟ್ಟಿದ್ದಾನೆ. ಆ ಭಯವು ಇಂಥ ದೇಶದ್ದು, ಇಂಥ ಕಾಲದ್ದು ಎಂಬ ಕಟ್ಟಿಗೆ ಒಳಪಡದೆ ಸಾಧಾರಣವಾಗಿ ತೋರುವುದರಿಂದಲೇ ಅದು ರಸವಾಗುತ್ತದೆ. 'ಇದು ನನಗೇ ಬಂದ ಭಯ' ಎಂದು ಸಾಮಾಜಿಕನು ತಿಳಿದನಾದರೆ ಅದು ರಸವಿಘ್ನ. ನಾಟ್ಯಶಾಲೆಯಲ್ಲಿ ಈ ವಿಘ್ನವು ವಿರಳ. ರಂಗದ ಮೇಲಣ ಹುಲಿಯು ಪ್ರೇಕ್ಷಕನ ಮನೆಗೆ ಬರುವುದಿಲ್ಲವಷ್ಟೆ. ಗಣಕಯಂತ್ರದಲ್ಲಿಯಾದರೋ ರಂಗವೂ ಮನೆಯೂ ಒಂದೇ ಆಗಿವೆ. ಆಡುವವನ ಪತ್ರಗಳೂ ಲೆಕ್ಕಗಳೂ ಇರುವ ಸ್ಥಳದಲ್ಲಿಯೇ ಆಟವೂ ನಡೆಯುತ್ತದೆ.

ಈ ಸಾಮೀಪ್ಯವನ್ನೇ ಉಪಾಯವಾಗಿ ಮಾಡಿಕೊಂಡ ಒಂದು ಸಣ್ಣ ಕೃತಿ 'ಡೋಕಿ ಡೋಕಿ ಲಿಟರೇಚರ್ ಕ್ಲಬ್'. ಇದನ್ನು ಡ್ಯಾನ್ ಸಾಲ್ವಾಟೋ ಎಂಬವರ ಸಣ್ಣ ತಂಡವು 2017ನೆಯ ಸೆಪ್ಟೆಂಬರ್ 22ರಂದು ಮೌಲ್ಯವಿಲ್ಲದೆ ಪ್ರಕಟಿಸಿತು. ಶಾಲೆಯೊಂದರ ಕಾವ್ಯಗೋಷ್ಠಿಯಲ್ಲಿ ನಾಲ್ವರು ಕನ್ಯೆಯರೊಡನೆ ಆರಂಭವಾಗುವ ಕಥೆಯು ಮುಂದೆ ಘೋರವಾಗುತ್ತದೆ. ಆತ್ಮಹತ್ಯೆಯ ಪ್ರಸಂಗವೂ ಇರುವುದರಿಂದ, ಮಕ್ಕಳಿಗೆ ತಕ್ಕುದಲ್ಲವೆಂಬ ಎಚ್ಚರಿಕೆಯು ಮೊದಲಲ್ಲಿಯೇ ಕೊಡಲ್ಪಟ್ಟಿದೆ. ನಾಲ್ವರಿಗೂ ಒಂದೊಂದು ಕಡತವು ಆಟದ ಕೋಶದಲ್ಲಿ ನಿಜವಾಗಿಯೂ ಇರುತ್ತದೆ. ಕಥೆಯಲ್ಲಿ ಪಾತ್ರವು ಅಳಿದಾಗ ಕಡತವೂ ಅಳಿಯುತ್ತದೆ. ಕಡೆಗೆ ಗೋಷ್ಠಿಯ ನಾಯಿಕೆಯಾದ ಮೋನಿಕಳ ಕಡತವನ್ನು ಆಡುವವನೇ ತನ್ನ ಕೈಯಾರೆ ಅಳಿಸಬೇಕು.

ಲಿನಕ್ಸಿನಲ್ಲಿ ಇದನ್ನು ನಡೆಸುವುದು ಕಷ್ಟವಲ್ಲ. ಆಟವು ಟಾಮ್ ರಾಥಮೆಲ್ ಎಂಬವರು 2004ರಲ್ಲಿ ಹೊರತಂದ, ಪೈಥಾನ್ ಭಾಷೆಯನ್ನು ಆಶ್ರಯಿಸಿದ ರೆನ್‌ಪೈ ಎಂಬ ಯಂತ್ರದ ಮೇಲೆ ನಿಂತಿದೆ. ರೆನ್‌ಪೈ ಕಟ್ಟುವ 'ಪಿಸಿ' ಗಂಟಿನಲ್ಲಿ ವಿಂಡೋಸಿನ ಭಾಗವೂ ಲಿನಕ್ಸಿನ ಭಾಗವೂ ಒಟ್ಟಿಗೇ ಇರುವುದು ವಾಡಿಕೆ. ಈ ಆಟದ ಗಂಟೂ ಅಂಥದೇ. ಆದಕಾರಣ ವೈನ್ ಮೊದಲಾದ ಮಧ್ಯವರ್ತಿಗಳು ಬೇಕಾಗಿಲ್ಲ. ಗಂಟನ್ನು ಬಿಚ್ಚಿ, 'ಎಸ್‌ಎಚ್' ಎಂದು ಕೊನೆಗೊಳ್ಳುವ ಆರಂಭದ ಕಡತಕ್ಕೆ ನಡೆಯುವ ಅನುಮತಿಯನ್ನು ಕೊಟ್ಟರೆ ಸಾಕು.

ಎಲ್ಲಿ ಬಿಚ್ಚಬೇಕೆಂಬುದೇ ವಿಚಾರಾರ್ಹವಾದುದು. ಯೂನಿಕ್ಸ್ ಸಂಪ್ರದಾಯದಲ್ಲಿ ಕಡತವನ್ನು ಅಳಿಸುವುದಕ್ಕೆ ಅದು ಇರುವ ಕೋಶದಲ್ಲಿ ಬರೆಯುವ ಅಧಿಕಾರವಿರಬೇಕೇ ಹೊರತು ಕಡತದ ಮೇಲಲ್ಲ. ಕೋಶವೆಂದರೆ ಹೆಸರುಗಳ ಪಟ್ಟಿ. ಗ್ರಂಥಭಂಡಾರದ ಪಟ್ಟಿಯಿಂದ ಒಂದು ಓಲೆಯ ಹೆಸರನ್ನು ಹೊಡೆಯುವವನಿಗೆ ಪಟ್ಟಿಯ ಮೇಲೆ ಅಧಿಕಾರವಿದ್ದರೆ ಸಾಕಲ್ಲವೆ? ಆಟವನ್ನು ರೂಟ್ ಎಂಬ ಸರ್ವಾಧಿಕಾರಿಯ ಕೋಶದಲ್ಲಿಟ್ಟು ಸಾಮಾನ್ಯ ಬಳಕೆದಾರನಾಗಿ ಆಡಿದರೆ ಪಾತ್ರಗಳ ಕಡತಗಳು ಅಳಿಯಲಾರವು. ಕಥೆಗೂ ಕಡತಕ್ಕೂ ಇರುವ ಸಂಬಂಧವೇ ತಪ್ಪುತ್ತದೆ. ಇದಕ್ಕೆ ಹೆದರಿ 'ಸುಡೋ' ಎಂದು ಸರ್ವಾಧಿಕಾರವನ್ನೇ ಆಟಕ್ಕೆ ಒಪ್ಪಿಸುವುದು ಅವಿವೇಕ. ಸ್ವಂತ ಮನೆಕೋಶದಲ್ಲಿ ಇಡುವುದು ಯುಕ್ತ. ಶಂಕೆಯುಳ್ಳವರು ಆಟಕ್ಕೆಂದೇ ಬೇರೊಬ್ಬ ಬಳಕೆದಾರನನ್ನು ಕಲ್ಪಿಸಿಕೊಳ್ಳಬಹುದು. ಹಾಗೆ ಮಾಡಿದರೆ ಇತರರ ಕಡತಗಳನ್ನು ಅಳಿಸುವ ಅಧಿಕಾರವು ಅದಕ್ಕೆ ಇರುವುದಿಲ್ಲ.

ಲಿನಕ್ಸಿನಲ್ಲಿ ಇನ್ನೊಂದು ಅನುಕೂಲವುಂಟು. ನಾಲ್ಕು ಕಡತಗಳ ಹೆಸರೂ 'ಸಿಎಚ್‌ಆರ್' ಎಂದು ಕೊನೆಗೊಳ್ಳುತ್ತದೆ. ಹೆಸರಿನ ಬಾಲವನ್ನು ನೋಡಿ ಜಾತಿಯನ್ನು ನಿರ್ಣಯಿಸುವ ವಿಂಡೋಸಿಗೆ ಇವು ಅಪರಿಚಿತ. ಲಿನಕ್ಸಿನ 'ಫೈಲ್' ಎಂಬ ಆಜ್ಞೆಯು ಒಳಗಿನ ಮೊದಲ ಬೈಟುಗಳ ಲಕ್ಷಣವನ್ನು ನೋಡುತ್ತದೆ. ಹಾಗೆ ನೋಡಿದಾಗ ಮೋನಿಕಳದು ಪಿಎನ್‌ಜಿ ಚಿತ್ರ, ನಾತ್ಸುಕಿಯದು ಜೆಪೆಗ್ ಚಿತ್ರ, ಸಾಯೋರಿಯದು ಆಗ್ ಧ್ವನಿ, ಯೂರಿಯದು ಬರಿಯ ಬರಹ ಎಂದು ತಿಳಿಯುತ್ತದೆ. ಬರಹವೂ ಬೇಸ್64 ಎಂಬ ಸಂಕೇತದಲ್ಲಿ ಮರೆಸಲ್ಪಟ್ಟಿದೆ.

ಇಷ್ಟನ್ನೆಲ್ಲ ತಿಳಿದು ಆಡಿದರೆ ಭಯವೇ ಹೋಗದೆ ಎಂದು ಆಕ್ಷೇಪಿಸಬಹುದು. ಹೋಗುವುದು ಲೌಕಿಕವಾದ ಭಯ ಮಾತ್ರ. ತನ್ನ ಸ್ವತ್ತಿಗೆ ಹಾನಿಯಿಲ್ಲವೆಂಬ ನಿಶ್ಚಯವಿದ್ದವನಿಗೇ ಆ ಕನ್ಯೆಯರ ದುರ್ಗತಿಯ ಕಡೆಗೆ ಮನಸ್ಸು ಹೋದೀತು. 2021ರ ಜೂನ್ 30ರಂದು ಹೊರಬಂದ 'ಪ್ಲಸ್' ಎಂಬ ಆವೃತ್ತಿಯಲ್ಲಿ ಕಡತಗಳೆಲ್ಲವೂ ಆಟದೊಳಗೇ ಕಲ್ಪಿಸಿದ ಕೃತಕವಾದೊಂದು ಗಣಕಯಂತ್ರದಲ್ಲಿವೆ. ಇದರಲ್ಲಿ ವಿಘ್ನಕ್ಕೆ ಆಸ್ಪದವೇ ಇಲ್ಲ. ಆದರೆ ಮೋನಿಕಳನ್ನು ಅಳಿಸುವ ಕೈಯೂ ನಟನ ಕೈಯಾಗಿಬಿಡುತ್ತದೆ. ಅನುಮತಿಯ ಎಲ್ಲೆಯನ್ನು ಅರಿತು ಮೊದಲಿನ ಆವೃತ್ತಿಯನ್ನು ಆಡುವುದೇ ಲೇಸು.

ಮತ್ತೆ ಮೊದಲಿನಿಂದ ಆಡಬಯಸುವವರು ಆಟದ ಕೋಶವನ್ನು ಮಾತ್ರ ತೆಗೆದುಹಾಕಿದರೆ ಸಾಲದು. ನಡೆದುದರ ನೆನಪು ಮನೆಕೋಶದಲ್ಲಿ ಚುಕ್ಕಿಯಿಂದ ಆರಂಭವಾಗುವ 'ರೆನ್‌ಪೈ' ಎಂಬ ಗುಪ್ತಕೋಶದೊಳಗೆ ಬೇರೆಯಾಗಿ ಉಳಿದಿರುತ್ತದೆ; ಈ ಆಟಕ್ಕೆ ಸೇರಿದ ಭಾಗವನ್ನು ಅಲ್ಲಿಯೂ ತೆಗೆಯಬೇಕು.